ಕಲ್ಲಿಗೂ ಒಂದು ವಿಳಾಸ ಬೇಕು

ನನ್ನ ಬಳಿ ಹಳೆಯದೊಂದು ಬಿಸ್ಕತ್ತಿನ ಡಬ್ಬಿ ಇದೆ. ಹೈಸ್ಕೂಲಿನ ದಿನಗಳಲ್ಲಿ ಸಿಕ್ಕಸಿಕ್ಕಲ್ಲಿ ಆಯ್ದ ಕಲ್ಲುಗಳೆಲ್ಲ ಅದರಲ್ಲಿವೆ. ಬೆಣಚುಕಲ್ಲಿನ ಚೂರು, ಉಗುರು ತಾಗಿದರೆ ಪದರ ಬಿಡುವ ಕಾಗೆಬಂಗಾರ, ಕೆಂಪು-ಕಪ್ಪು ಪಟ್ಟೆಯ ಕಬ್ಬಿಣದ ಕಲ್ಲು, ಅವುಗಳ ನಡುವೆ ಅಂಗೈಯಗಲದ ಒಂದು ಹಸಿರು ಕಲ್ಲು. ಎಷ್ಟೋ ವರ್ಷ ಬಿಟ್ಟು ಆ ಹಸಿರು ಕಲ್ಲನ್ನು ಭೂವಿಜ್ಞಾನ ಓದಿದ ಗೆಳೆಯನ ಕೈಗಿಟ್ಟೆ. ಅವನು ಭೂತಗನ್ನಡಿ ಕಣ್ಣಿಗೆ ಒತ್ತಿಕೊಂಡು ಕಲ್ಲನ್ನು ಬಿಸಿಲಿಗೆ ತಿರುಗಿಸಿ ನೋಡಿದ. "ಫುಕ್ಸೈಟ್ ಇರೋ ಕ್ವಾರ್ಟ್‌ಜೈಟು. ಚೆನ್ನಾಗಿದೆ. ಎಲ್ಲೀದು?" ಅಂದ. ನೆನಪಿಲ್ಲ ಅಂದೆ. "ಹಂಗಾದ್ರೆ ಮೀನಿನ ತೊಟ್ಟೀಲಿ ಹಾಕು" ಅಂತ ವಾಪಸ್ ಕೊಟ್ಟ.

ತಮಾಷೆಯಂತೆ ಕೇಳಿದರೂ ಅವನು ಹೇಳಿದ್ದು ನಿಜ. ಫುಕ್ಸೈಟ್ ಎಂದರೆ ಕ್ರೋಮಿಯಂ ಸೇರಿ ಹಸಿರಾದ ಅಭ್ರಕ. ಅದು ಮಿಂಚುವ ಕಲ್ಲು ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿ ಕಡೆಯೂ ಇದೆ, ಹಾಸನದ ಕಡೆಯೂ ಇದೆ. ಯಾವ ಊರಿನದೆಂದು ಬರೆದಿಟ್ಟಿದ್ದರೆ ಅದು ಸುಮಾರು ಮುನ್ನೂರು ಕೋಟಿ ವರ್ಷದ ಹಿಂದಿನ ನೆಲದ ಒಂದು ತುಣುಕು. ಬರೆದಿಡದೇ ಇದ್ದದ್ದರಿಂದ ಬರೀ ಚೆಂದದ ಜಲ್ಲಿ. ಹಳೆ ಗಣಿಗಳ ಸುತ್ತ ಕಲ್ಲು, ಖನಿಜ ಆಯುವ ಹವ್ಯಾಸ ಹತ್ತಿಸಿಕೊಳ್ಳುವವರಿಗೆ ನಾನು ಮೊದಲು ಹೇಳುವುದು ಸುತ್ತಿಗೆಯ ಮಾತಲ್ಲ, ನೋಟ್‌ಬುಕ್ಕಿನ ಮಾತು. ಅದಕ್ಕೂ ಮೊದಲು ಇನ್ನೊಂದಿದೆ: ಆ ಜಾಗ ಯಾರದು?

ಪಾಳು ಬಿದ್ದ ಗಣಿ ಎಂದರೆ ಹೇಳುವವರು ಕೇಳುವವರು ಇಲ್ಲದ ಜಾಗ ಎಂದೇ ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಕೆಲಸ ನಿಂತಿರಬಹುದು, ಗುತ್ತಿಗೆ ಮುಗಿದಿರಬಹುದು, ನೆಲ ಮಾತ್ರ ಯಾರದ್ದಾದರೂ ಹೆಸರಿನಲ್ಲಿ ಇದ್ದೇ ಇರುತ್ತದೆ: ಕಂಪನಿ, ಕಂದಾಯ ಇಲಾಖೆ, ಅರಣ್ಯ ಇಲಾಖೆ, ಇಲ್ಲವೇ ಪಕ್ಕದ ಹೊಲದ ರೈತ. 1957ರ ಗಣಿ ಮತ್ತು ಖನಿಜ ಕಾಯ್ದೆ ಪರವಾನಗಿ ಇಲ್ಲದೆ ಖನಿಜ ತೆಗೆಯುವುದನ್ನಷ್ಟೇ ಅಲ್ಲ, ಸಾಗಿಸುವುದನ್ನೂ ಕೂಡಿಡುವುದನ್ನೂ ತಪ್ಪು ಎನ್ನುತ್ತದೆ. ಶಿಕ್ಷೆ ಐದು ವರ್ಷದ ಸೆರೆಯವರೆಗೂ ಹೋಗಬಹುದು. ಆ ಕಾಯ್ದೆ ಲಾರಿಗಟ್ಟಲೆ ಅದಿರು ಹೊಡೆಯುವವರನ್ನು ಕಣ್ಣಲ್ಲಿಟ್ಟುಕೊಂಡು ಬಂದದ್ದು, ಚೀಲದಲ್ಲಿ ನಾಲ್ಕು ಕಲ್ಲು ಒಯ್ಯುವವರನ್ನಲ್ಲ. ಆದರೂ ಚೆಕ್‌ಪೋಸ್ಟಿನಲ್ಲಿ ನಿಮ್ಮ ಚೀಲ ಬಿಚ್ಚಿಸಿದವರಿಗೆ ಆ ವ್ಯತ್ಯಾಸವನ್ನು ಬಾಯಿಮಾತಿನಲ್ಲಿ ವಿವರಿಸುತ್ತ ನಿಲ್ಲುವುದಕ್ಕಿಂತ ಕೈಯಲ್ಲೊಂದು ಪತ್ರ ಇರುವುದು ಮೇಲು. ಗುತ್ತಿಗೆ ಇನ್ನೂ ಜೀವಂತವಿದ್ದರೆ ಗಣಿಯ ಮ್ಯಾನೇಜರರಿಂದ, ಖಾಸಗಿ ಜಮೀನಾದರೆ ಮಾಲೀಕರಿಂದ, ಗೊತ್ತಾಗದಿದ್ದರೆ ಜಿಲ್ಲಾ ಕೇಂದ್ರದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಅರ್ಜಿಯಲ್ಲಿ "ಅಧ್ಯಯನಕ್ಕಾಗಿ, ಮಾರಾಟಕ್ಕಲ್ಲ, ಇಷ್ಟು ಮಾದರಿ, ಈ ದಿನ" ಎಂದು ಸ್ಪಷ್ಟವಾಗಿ ಬರೆದರೆ ಉತ್ತರ ಸಿಗುವ ಸಾಧ್ಯತೆ ಹೆಚ್ಚು. ಒಮ್ಮೆ ನನ್ನ ಅರ್ಜಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಲು ಮೂರು ತಿಂಗಳು ತಗೊಂಡಿತ್ತು. ಅಷ್ಟರಲ್ಲಿ ಮಳೆಗಾಲ ಬಂತು. ಆ ವರ್ಷ ಹೋಗಲಿಲ್ಲ, ಅಷ್ಟೆ.

ಅರಣ್ಯದ ಮಾತೇ ಬೇರೆ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಕಾಡಿನೊಳಗಿನ ಕಲ್ಲು, ಮಣ್ಣು, ಖನಿಜ ಎಲ್ಲವೂ ಸೌದೆ-ಸೊಪ್ಪಿನ ಹಾಗೆಯೇ ಅರಣ್ಯ ಉತ್ಪನ್ನ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ವನ್ಯಜೀವಿ ಕಾಯ್ದೆಯೂ ಸೇರಿಕೊಳ್ಳುತ್ತದೆ. ಕುದುರೆಮುಖದ ಕಬ್ಬಿಣದ ಗಣಿ 2005ರ ಕೊನೆಗೆ ನಿಂತಿತು. ಸುತ್ತ ಇರುವುದು ರಾಷ್ಟ್ರೀಯ ಉದ್ಯಾನ. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಅಲ್ಲಿಯ ಹಳ್ಳಗಳ ಮಣ್ಣನ್ನು ಮರಿಗೆಯಲ್ಲಿ ಜಾಲಿಸಿ ಚಿನ್ನದ ಕಣ ಹೆಕ್ಕುತ್ತಿದ್ದ ಜಾಲಗಾರರ ಕಾಲ ಮುಗಿದಿದೆ. ನಾವೀಗ ಅಲ್ಲಿ ಕಣ್ಣು ತುಂಬಿಕೊಂಡು ಬರಬಹುದು, ಚೀಲ ತುಂಬಿಕೊಂಡಲ್ಲ. ಕೊಡಗು, ಸುಳ್ಯ ಕಡೆಯ ಕಾಡುಗಳಲ್ಲಿ ಹರಳು ಕಲ್ಲಿನ ಅಕ್ರಮ ದಂಧೆ ಪದೇ ಪದೇ ಸುದ್ದಿಯಾಗಿದೆ. ಹಾಗಾಗಿ ಆ ಭಾಗದಲ್ಲಿ ಗುದ್ದಲಿ ಹಿಡಿದು ಕಾಡಂಚಿಗೆ ಹೋದವರನ್ನು ಯಾರೂ ಹವ್ಯಾಸಿ ಎಂದು ನೋಡುವುದಿಲ್ಲ.

ಇನ್ನೊಂದು ಸಂಶಯ ಬಯಲುಸೀಮೆಯಲ್ಲಿ ಕಾದಿರುತ್ತದೆ. ಹೊಸದುರ್ಗದ ಕಡೆ ಒಂದು ಗುಡ್ಡದ ಬುಡದಲ್ಲಿ ನಾನು ಬಗ್ಗಿ ಕಲ್ಲು ನೋಡುತ್ತಿದ್ದಾಗ ಕುರಿ ಮೇಯಿಸುತ್ತಿದ್ದ ಅಜ್ಜ ಬಹಳ ಹೊತ್ತು ದೂರದಿಂದಲೇ ಗಮನಿಸಿ, ಕೊನೆಗೆ ಹತ್ತಿರ ಬಂದು ಕೇಳಿದ: "ಏನ್ ಸಾಮಿ, ನಿಧಿ ಗಿಧಿ ಹುಡುಕ್ತಿದೀರೇನು?" ಸುತ್ತಿಗೆ, ಟಾರ್ಚು, ಹಳೆ ಗುಡ್ಡ, ಹೊರಗಿನವರು. ನಿಧಿಗಳ್ಳರ ಕಾಟ ಕಂಡ ಊರಿಗೆ ಇಷ್ಟು ಸಾಕು. ಅದಕ್ಕೇ ಮೊದಲು ಊರೊಳಗೆ ಹೋಗಿ ಚಹಾ ಕುಡಿದು, ಬಂದ ಕಾರಣ ಹೇಳಿ, ಪಂಚಾಯಿತಿ ಸದಸ್ಯರೊಬ್ಬರಿಗೆ ಫೋನ್ ನಂಬರ್ ಕೊಟ್ಟು, ಹಗಲಲ್ಲೇ ಹೋಗಿ ಹಗಲಲ್ಲೇ ಬನ್ನಿ. ಅಜ್ಜನಿಗೆ ನನ್ನ ಕೈಲಿದ್ದ ಪಟ್ಟೆಕಲ್ಲು ತೋರಿಸಿದೆ. "ಇದಾ? ಇಂಥವು ನಮ್ಮ ದೊಡ್ಡಿ ಗೋಡೇಲಿ ಬೇಕಾದಷ್ಟೈತೆ" ಅಂದ. ಇತ್ತು ಕೂಡ, ಗುಡ್ಡದಲ್ಲಿ ಸಿಕ್ಕಿದ್ದಕ್ಕಿಂತ ಚೆನ್ನಾಗಿಯೇ ಇತ್ತು.

ಡಂಪಿನಲ್ಲಿ ಆಯಿರಿ, ಗೋಡೆಯಲ್ಲಿ ಅಲ್ಲ

ಗಣಿಯಿಂದ ಅದಿರು ಹೊರಬರುವಾಗ ಅದರ ಜೊತೆ ಬೇಡದ ಕಲ್ಲೂ ಬರುತ್ತದೆ. ಅದನ್ನು ಹೊರಗೆ ಸುರಿದು ಆದ ಗುಡ್ಡೆಗೆ ಗಣಿಯವರು ಡಂಪು ಎನ್ನುತ್ತಾರೆ. ಸಂಗ್ರಹಕಾರರ ಜಾಗ ಇದೇ. ಭೂಮಿಯ ಆಳದಲ್ಲಿದ್ದ ಕಲ್ಲು ಇಲ್ಲಿ ಕಾಲ ಬುಡದಲ್ಲಿ ಬಿದ್ದಿರುತ್ತದೆ. ಆಯ್ದರೆ ಎಲ್ಲೂ ಹೊಸ ಗಾಯವಾಗುವುದಿಲ್ಲ. ಗಣಿಯ ಗೋಡೆಯಲ್ಲಿ ಕಾಣುವ ಪದರ, ಬೆಣಚಿನ ಎಳೆ, ಹರಳಿನ ಗೂಡು ಹಾಗಲ್ಲ. ಕೀಳುವಾಗ ಕೈಗೆ ಬರುವುದು ಒಂದು ತುಂಡು, ಪುಡಿಯಾಗುವುದು ಹತ್ತು. ಮುಂದಿನ ವರ್ಷ ಅಲ್ಲಿಗೆ ಬರುವ ಕಾಲೇಜು ಹುಡುಗರಿಗೆ ಮೇಷ್ಟ್ರು ತೋರಿಸಲು ಏನೂ ಉಳಿಯುವುದಿಲ್ಲ.

ಅದಿರು ಅರೆದು ಲೋಹ ತೆಗೆದ ಮೇಲೆ ಉಳಿದ ಪುಡಿಯ ಗುಡ್ಡೆ ಬೇರೆ, ಕಲ್ಲಿನ ಡಂಪು ಬೇರೆ. ಈ ವ್ಯತ್ಯಾಸ ತಿಳಿಯಲು ಕೋಲಾರದ ಚಿನ್ನದ ಗಣಿಗಿಂತ ಒಳ್ಳೆಯ ಜಾಗವಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟಲ್ಲಿಂದ 2001ರ ಫೆಬ್ರುವರಿ 28ರಂದು ಬಾಗಿಲು ಹಾಕುವವರೆಗೆ ಕೆಜಿಎಫ್‌ನಿಂದ ಸುಮಾರು 800 ಟನ್ ಚಿನ್ನ ಹೋಗಿದೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಚಿನ್ನ ಹೋದ ಮೇಲೆ ಉಳಿದದ್ದು ಊರ ಸುತ್ತಲ ಬೂದು ದಿಬ್ಬಗಳು. ಜನ ಅವನ್ನು ಸೈನೈಡ್ ಗುಡ್ಡ ಎನ್ನುತ್ತಾರೆ. ಸಿನಿಮಾದವರಿಗೆ ಅವು ಮರುಭೂಮಿಯ ಸೆಟ್ಟು, ಫೋಟೋ ತೆಗೆಯುವವರಿಗೆ ಸೂರ್ಯಾಸ್ತದ ಜಾಗ. ಕಲ್ಲು ಆಯುವವರಿಗೆ ಮಾತ್ರ ಅಲ್ಲಿ ಕೆಲಸವಿಲ್ಲ. ಅದು ಕಲ್ಲೇ ಅಲ್ಲ, ಗಿರಣಿಯಲ್ಲಿ ಅರೆದ ಮೈದಾದಂಥ ಪುಡಿ. ಗಾಳಿ ಬೀಸಿದರೆ ನೇರ ಶ್ವಾಸಕೋಶಕ್ಕೆ. ಕಸವೂ ಅಲ್ಲ: ಅದರಲ್ಲಿ ಉಳಿದ ಚಿನ್ನವನ್ನು ಮತ್ತೆ ತೆಗೆಯುವ ಪ್ರಸ್ತಾಪಕ್ಕೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದೆ.

ಕೆಜಿಎಫ್‌ನ ಕಲ್ಲು ನೋಡಬೇಕೆಂದರೆ ಮಿನುಗುವ ಹಳದಿ ಹುಡುಕಬೇಡಿ. ಒಂದು ಟನ್ ಅದಿರಿಗೆ ಕೆಲವೇ ಗ್ರಾಂ ಚಿನ್ನ, ಅದೂ ಬಹುಮಟ್ಟಿಗೆ ಕಣ್ಣಿಗೆ ಕಾಣದ ಕಣ. ಅಲ್ಲಿ ನೋಡಬೇಕಾದ್ದು ಹಾರ್ನ್‌ಬ್ಲೆಂಡ್ ಶಿಸ್ಟ್ ಎಂಬ ಕಪ್ಪು ಕಲ್ಲು. ಮೊದಲು ಲಾವಾ ಆಗಿ ಹರಿದು ಆಮೇಲೆ ಬೆಂದು ಒತ್ತಡಕ್ಕೆ ಸಿಕ್ಕಿ ಬದಲಾದದ್ದು. ಅದರ ನಡುವೆ ನುಗ್ಗಿದ ಬೂದು-ನೀಲಿ ಬೆಣಚಿನ ಗೆರೆಗಳೇ ಚಿನ್ನದ ದಾರಿ. ಇನ್ನೊಂದು ಕುತೂಹಲದ ಖನಿಜ ಷೀಲೈಟ್, ಅಂದರೆ ಟಂಗ್‌ಸ್ಟನ್ನಿನ ಅದಿರು. ಹಗಲಲ್ಲಿ ಅದಕ್ಕೂ ಬೆಣಚುಕಲ್ಲಿಗೂ ವ್ಯತ್ಯಾಸ ಹೇಳುವುದು ಕಷ್ಟ. ಕತ್ತಲಲ್ಲಿ ಕಿರುತರಂಗದ ಅತಿನೇರಳೆ ದೀಪ ಹಿಡಿದರೆ ತಿಳಿ ನೀಲಿಯಾಗಿ ಹೊಳೆಯುತ್ತದೆ. ನೋಟು ಪರೀಕ್ಷಿಸುವ ಅಂಗಡಿ ದೀಪಕ್ಕೆ ಅದು ಜಗ್ಗುವುದಿಲ್ಲ, ಅದರ ತರಂಗ ಬೇರೆ. ಕಿರುತರಂಗದ ದೀಪ ಕಣ್ಣಿಗೆ ಕೆಟ್ಟದ್ದು, ಕನ್ನಡಕ ಹಾಕಿಕೊಳ್ಳದೆ ಹಚ್ಚಬಾರದು.

ಜೀವಕ್ಕೆ ಎರವಾಗುವಂಥವು

ಯಾವ ಕಾರಣಕ್ಕೂ ಗಣಿಯ ಬಾಯೊಳಗೆ ಇಳಿಯಬೇಡಿ. ನಾಲ್ಕು ಹೆಜ್ಜೆ ಮಾತ್ರ, ಫೋಟೋಗೆ ಮಾತ್ರ ಎಂಬುದೂ ಬೇಡ. ವರ್ಷಾನುಗಟ್ಟಲೆ ಮುಚ್ಚಿದ ಸುರಂಗದಲ್ಲಿ ಆಮ್ಲಜನಕ ಇರುವುದೇ ಇಲ್ಲ ಎನ್ನುವಷ್ಟು ಕಡಿಮೆಯಾಗಿರಬಹುದು. ಅದಕ್ಕೆ ವಾಸನೆಯಿಲ್ಲ, ಕೆಮ್ಮು ಬರಿಸುವುದಿಲ್ಲ, ಮೊಣಕಾಲು ಕುಸಿದಾಗಲೇ ಗೊತ್ತಾಗುವುದು. 2020ರ ಮೇ ತಿಂಗಳಲ್ಲಿ ಕೆಜಿಎಫ್‌ನ ಮಾರಿಕುಪ್ಪಂ ಬಳಿ ಮುಚ್ಚಿದ ಗಣಿಯೊಳಗೆ ಕಳ್ಳತನಕ್ಕೆ ಇಳಿದ ಮೂವರು ಸತ್ತರು. ಒಬ್ಬ ಬಿದ್ದಾಗ ಎತ್ತಲು ಇನ್ನೊಬ್ಬ ಇಳಿಯುವುದೇ ಇಂಥ ಸಾವುಗಳ ರೀತಿ. ಹಗ್ಗವಿಲ್ಲದೆ, ಉಸಿರಾಟದ ಸಿಲಿಂಡರಿಲ್ಲದೆ ಹಿಂದೆ ಹೋಗುವುದು ಸಹಾಯವಲ್ಲ. ಫೈರ್ ಸರ್ವಿಸಿಗೆ ಫೋನ್ ಮಾಡಬೇಕು.

ಬಾಯಿ ಕಾಣುವ ಗಣಿಗಿಂತ ಕಾಣದ್ದು ಅಪಾಯ. ಲಂಟಾನ ಬೆಳೆದು ಮುಚ್ಚಿದ ಹಳೆ ಬಾವಿಯ ಮೇಲೆ ಕೊಳೆತ ಹಲಗೆ, ಅದರ ಮೇಲೆ ಒಂದು ಪದರ ಮಣ್ಣು. ಕೋಲಿನಿಂದ ತಟ್ಟಿ ನೋಡದೆ ಪೊದೆಗೆ ಕಾಲಿಡಬೇಡಿ. ನಿಂತ ನೀರಿನ ಕ್ವಾರಿ ಹೊಂಡದ ನೀರು ಎಷ್ಟೇ ತಿಳಿಯಾಗಿದ್ದರೂ ಇಳಿಯಬೇಡಿ: ದಡ ಗೋಡೆಯಂತೆ ಕಡಿದಿರುತ್ತದೆ, ಹತ್ತಲು ಮೆಟ್ಟಿಲಿರುವುದಿಲ್ಲ. ಮಳೆ ಬಂದು ಒಂದು ವಾರವಾದರೂ ಕಳೆಯದೆ ಡಂಪಿನ ಇಳಿಜಾರು ಹತ್ತಬಾರದು. ಮೇಲೊಬ್ಬರು ಕೆಳಗೊಬ್ಬರು ನಿಂತು ಆಯುವುದಂತೂ ಕೂಡದು, ಒಂದು ಕಲ್ಲು ಜಾರಿದರೆ ಅದರ ಹಿಂದೆ ಇಪ್ಪತ್ತು ಬರುತ್ತವೆ. ತಂತಿ ಬಾಲದ, ಬಾಲ್‌ಪೆನ್ ರೀಫಿಲ್ಲಿನಂಥ ಲೋಹದ ಕೊಳವೆ ಕಂಡರೆ ಅದು ಸಿಡಿಯದೆ ಉಳಿದ ಡಿಟೊನೇಟರ್ ಆಗಿರಬಹುದು. ಮುಟ್ಟದೆ, ಒದೆಯದೆ, ಜಾಗ ಗುರುತಿಟ್ಟು ಪೊಲೀಸರಿಗೆ ತಿಳಿಸಿ.

ಕಲ್ಲುಗಳಲ್ಲೂ ಬಿಟ್ಟುಬರಬೇಕಾದವು ಇವೆ. ಹೊಳೆನರಸೀಪುರದ ಸುತ್ತಿನ ಹಸಿರು ಕಲ್ಲುಗಳಲ್ಲಿ ಕಾಣುವ, ಉಗುರಿಂದ ಎಳೆದರೆ ನೂಲಿನಂತೆ ಬಿಡುವ ಎಳೆ ಕಲ್ನಾರು. ಚೆಂದ ಕಾಣುತ್ತದೆಂದು ಎಳೆ ಬಿಡಿಸಿ ನೋಡಬೇಡಿ, ಕುಟ್ಟಬೇಡಿ, ಮನೆಗಂತೂ ತರಬೇಡಿ; ಅದರ ದೂಳು ಶ್ವಾಸಕೋಶ ಸೇರಿದರೆ ಮತ್ತೆ ಹೊರಬರುವುದಿಲ್ಲ. ಸುತ್ತಿಗೆ ತಾಗಿದಾಗ ಬೆಳ್ಳುಳ್ಳಿ ವಾಸನೆ ಹೊಡೆಯುವ ಬೆಳ್ಳಿ ಬಣ್ಣದ ಖನಿಜ ಆರ್ಸೆನೊಪೈರೈಟ್. ಅದರಲ್ಲಿ ಪಾಷಾಣದ ಅಂಶವಿದೆ. ಚಿನ್ನದ ಗಣಿಗಳ ಸುತ್ತ ಇದು ಸಾಮಾನ್ಯ, ಕೈ ತೊಳೆಯದೆ ಬುತ್ತಿ ಬಿಚ್ಚಬಾರದು.

ಆಯುವ ಕೈಕೆಲಸ

ಮೊಳೆ ಹೊಡೆಯುವ ಬಡಗಿ ಸುತ್ತಿಗೆ ಇದಕ್ಕೆ ಆಗದು. ಗಟ್ಟಿ ಬೆಣಚಿಗೆ ಹೊಡೆದರೆ ಸುತ್ತಿಗೆಯ ಅಂಚೇ ಚಕ್ಕೆ ಹಾರಿ ಕಣ್ಣಿಗೆ ಬೀಳುತ್ತದೆ. ಭೂವಿಜ್ಞಾನಿಗಳ ಸುತ್ತಿಗೆ ಸಿಗದಿದ್ದರೆ ಕಲ್ಲುಕುಟಿಗರು ಬಳಸುವ ಸಣ್ಣ ಸುತ್ತಿಗೆ, ಒಂದು ಉಳಿ, ಪಾರದರ್ಶಕ ಕನ್ನಡಕ, ದಪ್ಪ ಕೈಗವಸು. ಅಷ್ಟು ಸಾಕು. ಅರ್ಧ ಕೆಲಸ ಸುತ್ತಿಗೆಯೇ ಬೇಡದೆ ಆಗುತ್ತದೆ.

ಬಿದ್ದ ಕಲ್ಲನ್ನು ಎತ್ತುವ ರೀತಿಯನ್ನು ಮಾತ್ರ ಕಲಿಯಬೇಕು. ನಿಮ್ಮ ಕಡೆಯ ಅಂಚಿಗೆ ಬೆರಳು ತೂರಿಸಿ ಮೇಲೆತ್ತಿದರೆ ಕಲ್ಲಿನಡಿಯ ಬಾಯಿ ನಿಮ್ಮ ಕಡೆಗೇ ತೆರೆಯುತ್ತದೆ. ಒಳಗೆ ಮಲಗಿದ ಚೇಳಿಗೋ ಹಾವಿಗೋ ಮೊದಲು ಕಾಣುವುದು ನಿಮ್ಮ ಕೈ. ಆಚೆ ಅಂಚಿಗೆ ಕೋಲು ಕೊಟ್ಟು ಕಲ್ಲನ್ನು ನಿಮ್ಮ ಕಡೆಗೆ ಮಗುಚಿ. ಆಗ ಬಾಯಿ ಆಚೆಗೆ ತೆರೆಯುತ್ತದೆ, ಕಲ್ಲೇ ನಿಮಗೂ ಅದಕ್ಕೂ ನಡುವೆ ಗುರಾಣಿ. ನೋಡಿಯಾದ ಮೇಲೆ ಕಲ್ಲನ್ನು ಮೊದಲಿದ್ದ ಹಾಗೇ ಇಟ್ಟುಬಿಡಿ. ಅದು ಯಾರದ್ದೋ ಮನೆ.

ಗಾತ್ರ ಹಿಡಿಗಾತ್ರ ಮೀರಬಾರದು. ಒಂದು ಜಾಗದಿಂದ ಒಂದು ಬಗೆಗೆ ಒಂದು, ಹೆಚ್ಚೆಂದರೆ ಎರಡು ಮಾದರಿ. ಡಂಪಿನಲ್ಲಿ ಒಂದೇ ಒಂದು ಒಳ್ಳೆ ಹರಳು ಕಂಡರೆ ಅದನ್ನು ಬಿಟ್ಟು ಬರುವುದು ನನಗಂತೂ ಕಷ್ಟ, ಸುಳ್ಳು ಹೇಳುವುದಿಲ್ಲ. ಆದರೆ ಮೂರು ಸಿಕ್ಕಾಗ ಮೂರನ್ನೂ ತುಂಬಿಕೊಳ್ಳುವ ಚಟವನ್ನು ಬಿಟ್ಟಿದ್ದೇನೆ.

ಗುರುತು ಹಿಡಿಯಲು ಮನೆಯ ಸಾಮಾನುಗಳೇ ಬೇಕಾದಷ್ಟಾಯಿತು. ಟೈಲ್ಸಿನ ಹೊಳಪಿಲ್ಲದ ಹಿಂಬದಿಗೆ ಕಲ್ಲು ತೀಡಿದರೆ ಬೀಳುವ ಗೆರೆಯ ಬಣ್ಣ ನೋಡಿ: ಹೆಮಟೈಟ್ ಎಷ್ಟೇ ಕಪ್ಪಗೆ ಕಂಡರೂ ಗೆರೆ ಇಟ್ಟಿಗೆಗೆಂಪು, ಮ್ಯಾಗ್ನೆಟೈಟಿನದು ಕಪ್ಪು, ನುಗ್ಗೇಹಳ್ಳಿ ಕಡೆಯ ಕ್ರೋಮೈಟಿನದು ಕಂದು. ನಿಂಬೆರಸಕ್ಕೆ ನೊರೆ ಬಂದರೆ ಸುಣ್ಣದಂಶ ಇದೆ. ಚಿನ್ನವೋ ಅಲ್ಲವೋ ಎಂಬ ಅನುಮಾನಕ್ಕೆ ಗುಂಡುಸೂಜಿ ಸಾಕು: ಚಿನ್ನ ಕುಳಿ ಬೀಳುತ್ತದೆ, ಪೈರೈಟ್ ಜಗ್ಗುವುದಿಲ್ಲ, ಕಾಗೆಬಂಗಾರ ಪದರ ಬಿಡುತ್ತದೆ. ಹೇಗೂ ಅದು ಚಿನ್ನವಾಗಿರುವುದಿಲ್ಲ.

ಚೀಟಿ

ಚೀಟಿಯನ್ನು ಮನೆಗೆ ಬಂದು ಬರೆಯುತ್ತೇನೆಂದರೆ ಆಗುವುದಿಲ್ಲ. ಕಲ್ಲು ಚೀಲಕ್ಕೆ ಬೀಳುವ ಮೊದಲೇ ಬರೆಯಬೇಕು, ಪೆನ್ಸಿಲಿನಲ್ಲಿ. ಪೆನ್ನಿನ ಶಾಯಿ ಮಾಸುತ್ತದೆ, ಒದ್ದೆಯಾದರೆ ಹರಡುತ್ತದೆ. ನನ್ನ ಒಂದು ಚೀಟಿ ಹೀಗಿದೆ: "ಸಂಖ್ಯೆ 41. ಪಟ್ಟೆ ಕಬ್ಬಿಣಶಿಲೆ. ಹೊಸದುರ್ಗ ತಾಲ್ಲೂಕು, ಊರಿನ ಪೂರ್ವದ ಗುಡ್ಡ, ಹಳೆ ಗಣಿಯ ಡಂಪಿನ ಬುಡ. ಬಿದ್ದ ಕಲ್ಲು, ಮೂಲ ಬಂಡೆಯಿಂದಲ್ಲ. ಸುತ್ತ ಬೂದು ಶಿಸ್ಟ್. ಜಮೀನಿನವರ ಒಪ್ಪಿಗೆ ಇದೆ." ಜೊತೆಗೆ ತಾರೀಖು, ಫೋನಿನಲ್ಲಿ ತೋರಿಸುವ ಅಕ್ಷಾಂಶ-ರೇಖಾಂಶ. "ಬಿದ್ದ ಕಲ್ಲು" ಎಂಬ ಮಾತು ಮುಖ್ಯ: ಡಂಪಿನ ಕಲ್ಲು ಎಷ್ಟು ಆಳದಿಂದ, ಯಾವ ಮೂಲೆಯಿಂದ ಬಂತೆಂದು ಯಾರೂ ಹೇಳಲಾರರು, ಮುಂದೆ ಅದನ್ನು ನೋಡುವವರಿಗೆ ಆ ಮಿತಿ ಗೊತ್ತಿರಬೇಕು. ಮನೆಗೆ ಬಂದ ಮೇಲೆ ಕಲ್ಲಿನ ಮೂಲೆಗೆ ಬಿಳಿ ಬಣ್ಣದ ಚುಕ್ಕೆ ಹಾಕಿ, ಒಣಗಿದ ಮೇಲೆ ಅದರ ಮೇಲೆ ಸಂಖ್ಯೆ ಬರೆಯಿರಿ. ಚೀಟಿ ಕಳೆದರೂ ಪುಸ್ತಕ ನೋಡಿ ವಿಳಾಸ ಹುಡುಕಬಹುದು.

ಇದರ ಬೆಲೆ ತಿಳಿಯಲು ರಾಬರ್ಟ್ ಬ್ರೂಸ್ ಫುಟ್ ಅವರನ್ನು ನೆನೆಯಬೇಕು. ನಮ್ಮ ಧಾರವಾಡ ಶಿಲೆಗಳಿಗೆ ಆ ಹೆಸರು ಕೊಟ್ಟ ಭೂವಿಜ್ಞಾನಿ ಅವರೇ. 1863ರಲ್ಲಿ ಮದ್ರಾಸಿನ ಬಳಿಯ ಪಲ್ಲಾವರದ ಜಲ್ಲಿಗುಂಡಿಯಲ್ಲಿ ಆದಿಮಾನವನ ಕಲ್ಲಿನ ಆಯುಧ ಕಂಡರು. ಬಳ್ಳಾರಿ, ರಾಯಚೂರು, ಮೈಸೂರು ಸೀಮೆಯಲ್ಲೆಲ್ಲ ಅಲೆದು ಆಯ್ದದ್ದೆಲ್ಲ ಮದ್ರಾಸ್ ಮ್ಯೂಸಿಯಂ ಸೇರಿತು. ಇಂದಿಗೂ ಆ ಸಂಗ್ರಹ ಕೆಲಸಕ್ಕೆ ಬರುವುದು ಅದರ ಕ್ಯಾಟಲಾಗಿನಿಂದ, ಪ್ರತಿ ತುಂಡಿಗೂ ಸಿಕ್ಕ ಊರು ನಮೂದಾಗಿರುವುದರಿಂದ.

ಫುಟ್ ಆಯ್ದ ಕಾಲವೇ ಬೇರೆ, ಈಗ ಅಂಥವನ್ನು ನಾವು ಎತ್ತುವಂತಿಲ್ಲ. ಹಟ್ಟಿ ಸುತ್ತಮುತ್ತಲಿನ ಚಿನ್ನದ ಗಣಿಗಳು ಎರಡು ಸಾವಿರ ವರ್ಷಕ್ಕೂ ಹಳೆಯವು. ಬಂಡೆಗೆ ಬೆಂಕಿ ಹಾಕಿ ಕಾಯಿಸಿ ಒಡೆದು, ಬಂಡೆಯ ಮೇಲಿನ ಕುಳಿಗಳಲ್ಲಿ ಅರೆಯುತ್ತಿದ್ದರು. ಅಂಥ ಅರೆಗಲ್ಲು, ಗುಂಡುಕಲ್ಲು, ಲೋಹದ ಕಿಟ್ಟ, ಮಡಕೆ ಚೂರು ಕಂಡರೆ ಫೋಟೋ ತೆಗೆದು ಅಲ್ಲೇ ಬಿಟ್ಟು ಪುರಾತತ್ವ ಇಲಾಖೆಗೆ ತಿಳಿಸಿ. ಮಸ್ಕಿಯಲ್ಲಿ ಅಶೋಕನ ಹೆಸರಿರುವ ಶಾಸನವನ್ನು 1915ರಲ್ಲಿ ಕಂಡವರು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್. ಬಂಡೆ ಈಗಲೂ ಅಲ್ಲೇ ಇದೆ.

ಮನೆಯಲ್ಲಿ

ತಂದ ಕಲ್ಲನ್ನೆಲ್ಲ ನಲ್ಲಿಯ ಕೆಳಗೆ ಹಿಡಿಯಬೇಡಿ. ಬೆಣಚು, ಪಟ್ಟೆಕಲ್ಲಿಗೆ ನೀರು, ಹಳೆ ಹಲ್ಲುಜ್ಜುವ ಬ್ರಷ್ಷು ಸರಿ. ಪೈರೈಟ್ ಇರುವ ಕಲ್ಲಿಗೆ ತೇವ ಆಗದು. ಮಲೆನಾಡಿನಲ್ಲೋ ಕರಾವಳಿಯಲ್ಲೋ ಮನೆಯಿದ್ದರೆ ಒಂದೆರಡು ಮಳೆಗಾಲದಲ್ಲಿ ಅದರ ಮೇಲೆ ಬಿಳಿ ಪುಡಿ ಬಿಟ್ಟುಕೊಂಡು, ಗಂಧಕದ ಆಮ್ಲ ಹುಟ್ಟಿ, ಕಲ್ಲಿನಡಿಯ ಚೀಟಿಯನ್ನೂ ಪಕ್ಕದ ಕಲ್ಲನ್ನೂ ತಿನ್ನುತ್ತದೆ. ಶೂ ಡಬ್ಬಿಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಅದನ್ನು ಬೇರೆಯೇ ಇಡಿ. ನೇರಳೆ ಅಮೆಥಿಸ್ಟ್ ಕಿಟಕಿ ಬಿಸಿಲಿಗೆ ಬಣ್ಣ ಕಳೆದುಕೊಳ್ಳುತ್ತದೆ.

ಗಣಿಗೆ ಹೋಗುವಷ್ಟು ಬಿಡುವು, ಅನುಮತಿ, ಜೊತೆಗಾರರು ಇಲ್ಲದವರು ನೋಡುವುದರಿಂದ ಶುರುಮಾಡಬಹುದು. ಲಾಲ್‌ಬಾಗಿನ ಬಂಡೆ, ಚಿತ್ರದುರ್ಗದ ಬಳಿಯ ಮರಡಿಹಳ್ಳಿಯ ದಿಂಬು ಲಾವಾ, ಮಲ್ಪೆಯಾಚೆಯ ಸೇಂಟ್ ಮೇರಿಸ್ ದ್ವೀಪದ ಕಂಬಗಲ್ಲುಗಳು ಮೂರೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು, ಕ್ಯಾಮೆರಾಗಷ್ಟೇ ಕೆಲಸ. ಮೈಸೂರು, ಧಾರವಾಡ, ಬೆಂಗಳೂರು ವಿಶ್ವವಿದ್ಯಾಲಯಗಳ ಭೂವಿಜ್ಞಾನ ವಿಭಾಗಗಳಲ್ಲಿ ಪರಿಚಯ ಮಾಡಿಕೊಂಡರೆ ಗುರುತು ಹಿಡಿದುಕೊಡುವವರು ಸಿಗುತ್ತಾರೆ.

ಆಯಲೇಬೇಕು ಎನ್ನುವವರಿಗೆ ಊರಲ್ಲಿ ಬೋರ್‌ವೆಲ್ ಕೊರೆಸುವ ದಿನ ಕಾದಿದೆ. ಲಾರಿಯ ಪಕ್ಕ ಕೂತು, ಇಪ್ಪತ್ತು ಅಡಿಗೊಮ್ಮೆ ಹೊರಬೀಳುವ ಕಲ್ಲಿನ ಚೂರನ್ನು ಜರಡಿಯಲ್ಲಿ ಹಿಡಿದು, ತೊಳೆದು, ಪ್ಲಾಸ್ಟಿಕ್ ಕವರಿಗೆ ಹಾಕಿ ಆಳ ಬರೆದಿಡಿ. ಗಣಿಯ ಡಂಪು ಕೊಡಲಾರದ ವಿಳಾಸ ಇದರ ಮೇಲಿರುತ್ತದೆ. ನಮ್ಮ ಅತ್ತೆಯವರ ತೋಟದ ಮುನ್ನೂರ ನಲವತ್ತು ಅಡಿಯ ಹದಿನೇಳು ಕವರು ನನ್ನ ಬಳಿ ಇವೆ: ಮೇಲೆ ಕೆಂಪು ಮಣ್ಣು, ಆಮೇಲೆ ಉದುರುವ ಸುದ್ದೆ, ನೂರಾ ಇಪ್ಪತ್ತರಿಂದ ಬೂದು ಕಲ್ಲು, ಇನ್ನೂರ ಅರವತ್ತಕ್ಕೆ ಒಮ್ಮೆಲೇ ಕಪ್ಪು. ನೀರು ಬಂದದ್ದು ಆ ಬೂದು ಕಪ್ಪಿಗೆ ತಿರುಗುವಲ್ಲಿ, ಒಂದೂವರೆ ಇಂಚು.